ಸಂಪಾದಕರ ಉತ್ತರ: ಓದದೆ ಹಾಕಿದ ಸಹಿ

ಮಾನ್ಯ ಮಾಸ್ಟ್ರೇ,

ವಂದನೆಗಳು. ಪೆರ್ಲದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಅದನ್ನು ಪೂರ್ತಿ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ ಉಳಿದ ಓದುಗರಿಗಾಗಿ ಸಾರವನ್ನು ಮಾತ್ರ ಹೇಳುತ್ತೇನೆ. ನಮ್ಮ ಕಳೆದ ಸಂಚಿಕೆಯಲ್ಲಿ ಫುಟ್‌ಬಾಲ್ ಆಟಗಾರ ಲಿಯೊನೆಲ್ ಮೆಸ್ಸಿಯ ಬಗ್ಗೆ ಬಂದ ಲೇಖನವನ್ನು ಹತ್ತನೇ ನಂಬರಿನ ಜೆರ್ಸಿ ತೊಟ್ಟ ತಮ್ಮ ಮೊಮ್ಮಗ ತಮಗೆ ಓದಿ ಹೇಳಿದನು. ಅದನ್ನು ಕೇಳುತ್ತಿದ್ದ ತಮ್ಮ ಅಳಿಯಂದಿರು, ಕೊಲ್ಲಿಯಿಂದ ರಜೆಯಲ್ಲಿ ಬಂದವರು, ಇದೇ ಮೆಸ್ಸಿಗೆ ತೆರಿಗೆ ವಂಚನೆಗಾಗಿ ಸ್ಪೇನಿನಲ್ಲಿ ಸಜೆಯಾಗಿತ್ತು, ಲಂಚ ಕೊಟ್ಟು ಪಾರಾದ ಎಂದರು. ತಾವು ಕೇಳುತ್ತೀರಿ: ಕೋಟಿಗಟ್ಟಲೆ ಗಳಿಸುವ ಆಟಗಾರನು ಸರಕಾರಕ್ಕೆ ಮೋಸ ಮಾಡಿ ಹಣ ಕಟ್ಟಿ ಮನೆಗೆ ಹೋಗುವುದಾದರೆ, ಬಿಲ್ಲಿಲ್ಲದೆ ಅಡಿಕೆ ಸಾಗಿಸಿದ ನಮ್ಮೂರಿನ ಅಂಗಡಿಯವನು ಮಾತ್ರ ಮಾನ ಕಳೆದುಕೊಳ್ಳುವುದೇಕೆ? ಇಂಥವರನ್ನು ಜೈಲಿಗೆ ಹಾಕಬೇಡವೇ? ನಮ್ಮ ಕ್ರಿಕೆಟಿಗರೂ ಇದೇ ದಾರಿ ಹಿಡಿದವರಲ್ಲವೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆದಾಯವನ್ನು ತಿಳಿದೂ ತಿಳಿದೂ ಬಚ್ಚಿಟ್ಟು, ಬಚ್ಚಿಡುವುದಕ್ಕೆಂದೇ ಕಂಪೆನಿಗಳನ್ನೂ ಕಾಗದಪತ್ರಗಳನ್ನೂ ಹುಟ್ಟಿಸಿ, ದೊಡ್ಡ ಮೊತ್ತದ ತೆರಿಗೆಯನ್ನು ವರ್ಷಗಟ್ಟಲೆ ವಂಚಿಸಿದವನು ಎಷ್ಟೇ ದೊಡ್ಡ ಆಟಗಾರನಾಗಿರಲಿ, ಸೆರೆಮನೆಗೆ ಹೋಗಬೇಕು. ಸಿಕ್ಕಿಬಿದ್ದ ಮೇಲೆ ಬಾಕಿ ಕಟ್ಟಿದ್ದು ಅವನ ಸಜೆಯನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಬಾರದು. ಆದರೆ ತೆರಿಗೆಯ ಲೆಕ್ಕದಲ್ಲಿ ಇಲಾಖೆಯೊಡನೆ ಭಿನ್ನಾಭಿಪ್ರಾಯ ಹೊಂದಿದವನನ್ನೂ, ಕಾನೂನು ಕೊಟ್ಟ ರಿಯಾಯಿತಿಯನ್ನು ಬಹಿರಂಗವಾಗಿ ಕೇಳಿ ಪಡೆದವನನ್ನೂ ಇದೇ ಸಾಲಿನಲ್ಲಿ ನಿಲ್ಲಿಸಬಾರದು. ತಮ್ಮ ಪತ್ರದಲ್ಲಿ ಈ ಮೂವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಅವರನ್ನು ಬೇರ್ಪಡಿಸುವುದಕ್ಕಾಗಿಯೇ ಈ ಉತ್ತರ ಉದ್ದವಾಗಿದೆ.

ಮೊದಲು ಮೆಸ್ಸಿಯ ಪ್ರಕರಣ. ದೊಡ್ಡ ಆಟಗಾರನಿಗೆ ಆಟದ ಸಂಬಳವಲ್ಲದೆ ತನ್ನ ಹೆಸರು, ಮುಖ, ಸಹಿಗಳನ್ನು ಜಾಹೀರಾತಿಗೆ ಬಳಸಲು ಬಿಟ್ಟದ್ದಕ್ಕಾಗಿ ಬರುವ ಹಣವೂ ಇರುತ್ತದೆ. 2007ರಿಂದ 2009ರವರೆಗಿನ ಮೂರು ವರ್ಷಗಳಲ್ಲಿ ಅಡಿಡಾಸ್, ಪೆಪ್ಸಿಯಂಥ ಕಂಪೆನಿಗಳು ಕೊಟ್ಟ ಈ ಹಣ ಸ್ಪೇನಿಗೆ ಬರದೆ ಬ್ರಿಟನ್, ಸ್ವಿಟ್ಜರ್ಲೆಂಡುಗಳ ಮೂಲಕ ಉರುಗ್ವೆ ಮತ್ತು ಬೆಲೀಜ್ ದೇಶಗಳಲ್ಲಿದ್ದ ಹೆಸರಿಗಷ್ಟೇ ಇದ್ದ ಕಂಪೆನಿಗಳಿಗೆ ಹೋಯಿತು. ಮೆಸ್ಸಿ ಬಾರ್ಸಿಲೋನಾದಲ್ಲಿ ವಾಸವಾಗಿದ್ದು, ಅಲ್ಲಿಯೇ ಆಡುತ್ತಿದ್ದರೂ ಅಲ್ಲಿನ ಸರಕಾರದ ಕಣ್ಣಿಗೆ ಈ ಆದಾಯ ಬೀಳಲಿಲ್ಲ. ಹೀಗೆ ತಪ್ಪಿದ ತೆರಿಗೆ 41 ಲಕ್ಷ ಯೂರೊ. ವಿಚಾರಣೆಗೆ ಮೊದಲೇ, 2013ರಲ್ಲಿ, ಮೆಸ್ಸಿಯೂ ಆತನ ವ್ಯವಹಾರ ನೋಡಿಕೊಳ್ಳುತ್ತಿದ್ದ ತಂದೆಯೂ ಬಡ್ಡಿಸಹಿತ 50 ಲಕ್ಷ ಯೂರೊ ಕಟ್ಟಿದರು. 2016ರ ಜುಲೈಯಲ್ಲಿ ಬಾರ್ಸಿಲೋನಾದ ನ್ಯಾಯಾಲಯ ಇಬ್ಬರಿಗೂ 21 ತಿಂಗಳ ಸಜೆ ವಿಧಿಸಿತು. ಮರುವರ್ಷದ ಮೇ ತಿಂಗಳಲ್ಲಿ ಸ್ಪೇನಿನ ಸರ್ವೋಚ್ಚ ನ್ಯಾಯಾಲಯ ಮಗನ ಸಜೆಯನ್ನು ಎತ್ತಿ ಹಿಡಿದು ತಂದೆಯದನ್ನು 15 ತಿಂಗಳಿಗೆ ಇಳಿಸಿತು. ಜುಲೈ ತಿಂಗಳಲ್ಲಿ ಮೆಸ್ಸಿಯ ಸೆರೆವಾಸವನ್ನು ದಿನಕ್ಕೆ 400 ಯೂರೊಗಳಂತೆ ಲೆಕ್ಕಹಾಕಿ 2,52,000 ಯೂರೊ ದಂಡವಾಗಿ ಮಾರ್ಪಡಿಸಲಾಯಿತು.

ಇಲ್ಲಿ ಲಂಚದ ಮಾತಿಲ್ಲ. ಸ್ಪೇನಿನಲ್ಲಿ, ಹಿಂಸೆ ಸೇರದ ಅಪರಾಧದಲ್ಲಿ ಮೊದಲ ಸಲ ಸಿಕ್ಕಿದವನಿಗೆ ಎರಡು ವರ್ಷಕ್ಕೆ ಮೀರದ ಸಜೆಯಾದರೆ ಅದನ್ನು ಸಾಮಾನ್ಯವಾಗಿ ಅಮಾನತಿನಲ್ಲಿಡುತ್ತಾರೆ, ಅಂದರೆ ಮತ್ತೆ ತಪ್ಪು ಮಾಡದಿದ್ದರೆ ಅವನು ಸೆರೆಮನೆಗೆ ಹೋಗಬೇಕಾಗಿಲ್ಲ. ಅಲ್ಲಿನ ಬಡಗಿಗೂ ಬೇಕರಿಯವನಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಮೆಸ್ಸಿ ಎಂಬ ಹೆಸರಿಗಾಗಿ ಕಾನೂನು ಬಾಗಿತು ಎಂದು ಹೇಳುವುದು ಸತ್ಯವಲ್ಲ, ದಯವಿಟ್ಟು ಅಳಿಯಂದಿರಿಗೆ ತಿಳಿಸಿ. ನನ್ನ ತಕರಾರು ಇರುವುದು ಆ ನಿಯಮದ ತೂಕದ ಬಗ್ಗೆ. ಫೋರ್ಬ್ಸ್ ಪತ್ರಿಕೆ 2017ರಲ್ಲಿ ಮೆಸ್ಸಿಯ ವರ್ಷದ ಗಳಿಕೆಯನ್ನು 8 ಕೋಟಿ ಡಾಲರ್ ಎಂದು ಅಂದಾಜಿಸಿತ್ತು. 365ರಿಂದ ಭಾಗಿಸಿ ನೋಡಿ: ದಿನವೊಂದಕ್ಕೆ 2 ಲಕ್ಷ 19 ಸಾವಿರ ಡಾಲರ್. ಅಂದರೆ ಇಪ್ಪತ್ತೊಂದು ತಿಂಗಳ ಸೆರೆವಾಸಕ್ಕೆ ಬದಲಾಗಿ ಕಟ್ಟಿದ ದಂಡ ಆತನ ಒಂದೂವರೆ ದಿನದ ಗಳಿಕೆಯನ್ನೂ ಮುಟ್ಟಲಿಲ್ಲ. ಬಡಗಿಯ ದಿನಗಳಿಗೆ ಅದೇ ದರ ಹಾಕಿದರೆ ಅವನು ಮನೆ ಮಾರಬೇಕಾಗುತ್ತಿತ್ತು. ದಿನವೊಂದಕ್ಕೆ ಇಂತಿಷ್ಟು ಎಂದು ಬೆಲೆ ಕಟ್ಟಿದ ಕ್ಷಣದಲ್ಲಿಯೇ ಸೆರೆವಾಸ ಶಿಕ್ಷೆಯಾಗಿ ಉಳಿಯದೆ ಖರ್ಚಿನ ಬಾಬತ್ತಾಗುತ್ತದೆ, ಮತ್ತು ಆ ಖರ್ಚನ್ನು ಭರಿಸಬಲ್ಲವನು ಮುಂಚಿತವಾಗಿಯೇ ಲೆಕ್ಕಹಾಕಿ ಅಪರಾಧಕ್ಕೆ ಇಳಿಯಬಹುದು. ಶ್ರೀಮಂತನಿಗೂ ಬಡವನಿಗೂ ಒಂದೇ ಉದ್ದದಲ್ಲಿ ಇರುವುದು ದಿನ ಮಾತ್ರ. ಆದುದರಿಂದಲೇ ಇಂಥ ಅಪರಾಧಕ್ಕೆ ದಿನಗಳನ್ನೇ ಕಳೆಯಬೇಕಾದ ಶಿಕ್ಷೆ ಇರಬೇಕೆಂದು ನಾನು ಹೇಳುವುದು.

ನ್ಯಾಯಾಲಯದಲ್ಲಿ ಮೆಸ್ಸಿ ಕೊಟ್ಟ ಸಮಜಾಯಿಷಿಯನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ನಾನು ಆಡುವುದನ್ನಷ್ಟೇ ನೋಡಿಕೊಂಡೆ, ಉಳಿದದ್ದನ್ನು ತಂದೆಗೂ ವಕೀಲರಿಗೂ ಬಿಟ್ಟಿದ್ದೆ, ಕರಾರುಪತ್ರಗಳಿಗೆ ಓದದೆ ಸಹಿ ಹಾಕಿದೆ ಎಂಬರ್ಥದಲ್ಲಿ ಆತ ಹೇಳಿದ. ಸರಕಾರಿ ಅಭಿಯೋಜಕರೇ ಈ ಮಾತನ್ನು ನಂಬಿ, ಮಗನನ್ನು ಬಿಟ್ಟು ತಂದೆಯನ್ನು ಮಾತ್ರ ಶಿಕ್ಷಿಸಿದರೆ ಸಾಕೆಂದು ಕೋರಿದ್ದರು. ತೆರಿಗೆ ಇಲಾಖೆಯ ಪರ ವಾದಿಸಿದ ವಕೀಲರು ಒಪ್ಪಲಿಲ್ಲ. ನ್ಯಾಯಾಲಯವೂ ಒಪ್ಪಲಿಲ್ಲ. ತಿಳಿದುಕೊಳ್ಳಲು ಅವಕಾಶವಿದ್ದೂ ತಿಳಿಯದಿರುವುದನ್ನೇ ಆರಿಸಿಕೊಂಡವನು ತಿಳಿಯದವನಲ್ಲ ಎಂಬುದು ಅದರ ನಿಲುವಾಗಿತ್ತು.

ಓದದೆ ಸಹಿ ಹಾಕುವುದೆಂದರೇನೆಂದು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ನಮ್ಮ ನೆಲ ಕೇರಳಕ್ಕೆ ಸೇರಿದಂದಿನಿಂದ ಮಲಯಾಳದಲ್ಲಿ ಮಾತ್ರ ಅಚ್ಚಾದ ಅರ್ಜಿಗಳೂ ನೋಟೀಸುಗಳೂ ಮಲಯಾಳ ಅಕ್ಷರ ಬಾರದ ಮನೆಗಳಿಗೆ ಬರುತ್ತಲೇ ಇವೆ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಅಜ್ಜಿಯೊಬ್ಬರು ಹಾಗೆ ಬಂದ ಒಂದು ಕಾಗದವನ್ನು ನಾಲ್ಕಾಗಿ ಮಡಚಿ, ಸೆರಗಿನಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದರು. ಮೇಜಿನ ಮೇಲೆ ಬಿಡಿಸಿಟ್ಟು ಕೆಳಗಿನ ಗೀಟಿನ ಮೇಲೆ ಬೆರಳಿಟ್ಟು, “ಇಲ್ಲಿ ದಸ್ಕತ್ತು ಹಾಕಬೇಕಂತೆ. ಎಂತ ಬರೆದಿದ್ದಾರೆ, ಒಮ್ಮೆ ಓದಿ ಹೇಳಿ” ಎಂದರು. ನನಗೂ ತಡವರಿಸದೆ ಓದಲಾಗಲಿಲ್ಲ. ಮಗಳನ್ನು ಕರೆದೆ, ಅವಳು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ಒಂದು ಸಾಲನ್ನು ಅಜ್ಜಿ ಎರಡು ಸಲ ಹೇಳಿಸಿದರು. ಆಮೇಲೆಯೇ ಪೆನ್ನು ಕೇಳಿದ್ದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಆ ಹೆಂಗಸು ತನ್ನದಲ್ಲದ ಲಿಪಿಯ ಕಾಗದವನ್ನು ಓದಿಸಿಕೊಳ್ಳದೆ ಸಹಿ ಮಾಡಲಿಲ್ಲ. ಲೋಕದ ಅತ್ಯುತ್ತಮ ವಕೀಲರನ್ನು ಸಂಬಳಕ್ಕಿಟ್ಟುಕೊಳ್ಳಬಲ್ಲವನು ತಾನು ಸಹಿ ಹಾಕಿದ ಕಾಗದವನ್ನು ಓದಲಿಲ್ಲ ಎಂದರೆ ಅದನ್ನು ಮುಗ್ಧತೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಓದಲಾರದ್ದಕ್ಕೂ ಓದಲೊಲ್ಲದ್ದಕ್ಕೂ ಇರುವ ಅಂತರ ನಮ್ಮ ಜಿಲ್ಲೆಯ ಜನರಿಗೆ ಚೆನ್ನಾಗಿ ಗೊತ್ತು.

ತಂದೆಯನ್ನು ನಂಬಿದ್ದು ತಪ್ಪೇ ಎಂದು ತಾವು ಕೇಳಬಹುದು. ಕೂಡುಕುಟುಂಬದ ಯಜಮಾನಿಕೆ ಕಂಡು ಬೆಳೆದ ನಮಗೆ ಆ ಪ್ರಶ್ನೆ ಸಹಜ. ಜರ್ಮನಿಯ ಟೆನಿಸ್ ಆಟಗಾರ್ತಿ ಸ್ಟೆಫಿ ಗ್ರಾಫ್ ಪ್ರಕರಣದಲ್ಲಿ ನ್ಯಾಯ ಆ ಕಡೆಗೆ ವಾಲಿತು. ಆಕೆಯ ಗಳಿಕೆಯ ಮೇಲಿನ 1 ಕೋಟಿ 23 ಲಕ್ಷ ಮಾರ್ಕುಗಳಷ್ಟು ತೆರಿಗೆ ತಪ್ಪಿಸಿದ್ದಕ್ಕಾಗಿ 1997ರಲ್ಲಿ ತಂದೆ ಪೀಟರ್ ಗ್ರಾಫ್‌ಗೆ ಮೂರು ವರ್ಷ ಒಂಬತ್ತು ತಿಂಗಳ ಸಜೆಯಾಯಿತು. ಅವರು ಎರಡು ವರ್ಷಕ್ಕೂ ಮಿಕ್ಕಿ ಸೆರೆಮನೆಯಲ್ಲಿದ್ದರು. ಹದಿಮೂರರ ಹರೆಯದಲ್ಲಿಯೇ ವೃತ್ತಿಪರ ಟೆನಿಸ್ಸಿಗೆ ಇಳಿದ ಮಗಳ ಹಣವನ್ನೆಲ್ಲ ತಂದೆಯೇ ನೋಡಿಕೊಳ್ಳುತ್ತಿದ್ದರು. ಆಕೆಯ ಮೇಲೆ ಮೊಕದ್ದಮೆ ನಡೆಯಲಿಲ್ಲ. ಮಗುವಾಗಿದ್ದಾಗ ಹಾಕಿದ ಸಹಿಗೆ ಮಕ್ಕಳನ್ನು ಹೊಣೆಮಾಡುವುದು ನನಗೂ ಸಮ್ಮತವಲ್ಲ. ಆದರೆ ಪ್ರಾಯಕ್ಕೆ ಬಂದು, ವರ್ಷ ವರ್ಷ ಹೊಸ ಕರಾರುಗಳಿಗೆ ತಾನೇ ಸಹಿ ಹಾಕುತ್ತ ಬಂದವನಿಗೆ ಆ ರಕ್ಷಣೆ ಎಷ್ಟು ಕಾಲ ಸಲ್ಲಬೇಕು? ಇನ್ನೊಂದು ಮಾತು: ಬೆಲೀಜಿನಲ್ಲಿ ಕಂಪೆನಿ ತೆರೆಯುವ ಉಪಾಯ ಕಾಲ್ಚೆಂಡಿನವನ ತಲೆಯಲ್ಲಿ ಹುಟ್ಟುವಂಥದ್ದಲ್ಲ. ಅದನ್ನು ಹೇಳಿಕೊಟ್ಟು ಫೀಸು ಪಡೆದ ಸಲಹೆಗಾರರು ಎಷ್ಟೋ ಸಲ ತೀರ್ಪಿನ ಆಚೆಗೇ ಉಳಿದುಬಿಡುತ್ತಾರೆ. ಆಟಗಾರನು ಒಳಗೆ ಹೋಗಬೇಕೆಂದು ಹೇಳುವ ನಾನು, ಅವರೂ ಅವನ ಜೊತೆಗೇ ಹೋಗಬೇಕೆಂದು ಹೇಳದಿದ್ದರೆ ಅರ್ಧ ನ್ಯಾಯ ಹೇಳಿದಂತಾಗುತ್ತದೆ.

ಶಿಕ್ಷೆ ನಿಜವಾಗಿ ನಡೆದರೆ ಹೇಗಿರುತ್ತದೆ ಎಂಬುದಕ್ಕೂ ಜರ್ಮನಿಯಲ್ಲಿಯೇ ಉದಾಹರಣೆಯಿದೆ. 1974ರ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದ್ದ ಊಲಿ ಹೋನೆಸ್ ಮುಂದೆ ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. ಸ್ವಿಟ್ಜರ್ಲೆಂಡಿನ ಬ್ಯಾಂಕಿನಲ್ಲಿದ್ದ ಗುಪ್ತ ಖಾತೆಯ ವ್ಯವಹಾರದಿಂದ ಅವರು ವಂಚಿಸಿದ ತೆರಿಗೆ 2 ಕೋಟಿ 80 ಲಕ್ಷ ಯೂರೊಗೂ ಮಿಕ್ಕಿದ್ದು. ಜರ್ಮನಿಯ ಕಾನೂನಿನಲ್ಲಿ, ತನಿಖೆಯ ಸುಳಿವು ಸಿಗುವ ಮೊದಲೇ ತಾನಾಗಿ ಬಂದು ಎಲ್ಲವನ್ನೂ ಒಪ್ಪಿಕೊಂಡವನು ಸಜೆಯಿಂದ ಪಾರಾಗುವ ದಾರಿಯಿತ್ತು. ಹೋನೆಸ್ ಆ ದಾರಿಯಲ್ಲಿ ಬಂದರಾದರೂ ಅವರ ಒಪ್ಪಿಗೆ ಪೂರ್ಣವಾಗಿಲ್ಲವೆಂದು ನ್ಯಾಯಾಲಯ 2014ರ ಮಾರ್ಚಿನಲ್ಲಿ ಮೂರೂವರೆ ವರ್ಷ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಲಿಲ್ಲ. ಅಧ್ಯಕ್ಷ ಪದವಿ ಬಿಟ್ಟು ಜೂನ್ ತಿಂಗಳಲ್ಲಿ ಲಾಂಡ್ಸ್‌ಬರ್ಗ್ ಸೆರೆಮನೆಗೆ ಹೋದರು. ಸಜೆಯ ಅರ್ಧ ಮುಗಿದು 2016ರ ಫೆಬ್ರವರಿಯಲ್ಲಿ ಹೊರಬಂದ ಅವರನ್ನು ಅದೇ ವರ್ಷ ನವೆಂಬರಿನಲ್ಲಿ ಕ್ಲಬ್ಬಿನ ಸದಸ್ಯರು ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದರು. ಆ ಮರು ಆಯ್ಕೆಯನ್ನು ಖಂಡಿಸಿದವರು ಬಹಳ ಮಂದಿ. ನಾನು ಖಂಡಿಸಲಾರೆ. ಸಜೆ ಮುಗಿಸಿ ಬಂದವನಿಗೆ ಊರು ಮತ್ತೆ ಜಾಗ ಕೊಡಬೇಕು.

ಇಂಗ್ಲೆಂಡಿನ ಕುದುರೆ ಸವಾರ ಲೆಸ್ಟರ್ ಪಿಗಟ್‌ಗೆ 1987ರಲ್ಲಿ ಮೂರು ವರ್ಷ ಸಜೆಯಾಗಿ, 366 ದಿನ ಒಳಗಿದ್ದು, ರಾಣಿ ಕೊಟ್ಟಿದ್ದ ಬಿರುದನ್ನೂ ಕಳೆದುಕೊಂಡು, 1990ರಲ್ಲಿ ಮತ್ತೆ ಕುದುರೆ ಹತ್ತಿ ದೊಡ್ಡ ಪಂದ್ಯ ಗೆದ್ದದ್ದುಂಟು. ಅಮೆರಿಕದ ಬೇಸ್‌ಬಾಲ್ ಆಟಗಾರ ಪೀಟ್ ರೋಸ್ ಹಸ್ತಾಕ್ಷರ ಮಾರಿ ಗಳಿಸಿದ ಹಣವನ್ನು ಲೆಕ್ಕದಲ್ಲಿ ತೋರಿಸದೆ 1990ರಲ್ಲಿ ಐದು ತಿಂಗಳು ಸೆರೆಯಲ್ಲಿದ್ದರು. ಸೆರೆಮನೆಗೆ ಕಳಿಸಿದರೆ ಆಟಗಾರನ ಬಾಳು ಮುಗಿಯಿತು ಎಂಬ ಕನಿಕರದ ವಾದಕ್ಕೆ ಇವರೆಲ್ಲರ ಬದುಕೇ ಉತ್ತರ. ಆದರೆ ಸ್ಪೇನಿನಲ್ಲಿ ಬಹುಮಟ್ಟಿಗೆ ನಡೆದದ್ದು ಬೇರೆ ರೀತಿ. ಕ್ರಿಸ್ಟಿಯಾನೊ ರೊನಾಲ್ಡೊ 2019ರ ಜನವರಿಯಲ್ಲಿ ತಪ್ಪೊಪ್ಪಿಕೊಂಡು 1 ಕೋಟಿ 88 ಲಕ್ಷ ಯೂರೊ ಕಟ್ಟಲು ಸಮ್ಮತಿಸಿ, 23 ತಿಂಗಳ ಅಮಾನತು ಸಜೆಯೊಡನೆ ಮನೆಗೆ ಹೋದರು. ಇಪ್ಪತ್ತಮೂರು ತಿಂಗಳು! ಎರಡು ವರ್ಷದ ಗೆರೆಗೆ ಒಂದೇ ತಿಂಗಳ ಕೆಳಗೆ ಬಂದು ನಿಂತ ಸಂಖ್ಯೆಯನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಾಗೆಂದು ಅವಸರ ಮಾಡುವಂತಿಲ್ಲ. ಸ್ಪೇನಿನವರೇ ಆದ ಜಾಬಿ ಅಲೊನ್ಸೊ ಕೂಡ ತನ್ನ ಹೆಸರಿನ ಹಕ್ಕುಗಳನ್ನು ಹೊರಗಿನ ಕಂಪೆನಿಯೊಂದಕ್ಕೆ ಮಾರಿದ್ದಕ್ಕಾಗಿ ಇದೇ ತೆರನ ಆರೋಪಕ್ಕೆ ಗುರಿಯಾದವರು. ಉಳಿದವರು ರಾಜಿ ಮಾಡಿಕೊಂಡು ಹಣ ಕಟ್ಟುತ್ತಿದ್ದಾಗ ಅವರು ನಾನು ಮುಚ್ಚಿಟ್ಟದ್ದು ಏನೂ ಇಲ್ಲ ಎಂದು ಸೆರೆವಾಸದ ಅಪಾಯವನ್ನೇ ಎದುರಿಸಿ ವಾದಿಸಿದರು. 2019ರ ನವೆಂಬರಿನಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಮೇಲ್ನೋಟಕ್ಕೆ ಒಂದೇ ಆಗಿ ಕಾಣುವ ಎರಡು ವ್ಯವಹಾರಗಳಲ್ಲಿ ಒಂದು ವಂಚನೆಯಾಗಿ, ಇನ್ನೊಂದು ನೇರ ಮಾರಾಟವಾಗಿ ಇರಬಹುದು. ಸೆರೆಮನೆಯ ಶಿಕ್ಷೆ ಕಠಿಣವಾದಷ್ಟೂ ಅದಕ್ಕೆ ಬೇಕಾದ ಪುರಾವೆಯೂ ಗಟ್ಟಿಯಾಗಿರಬೇಕು.

ಇದೇ ಕಾರಣಕ್ಕಾಗಿ ನಮ್ಮ ಕ್ರಿಕೆಟಿಗರ ಬಗ್ಗೆ ತಾವು ಬರೆದದ್ದನ್ನು ನಾನು ಒಪ್ಪುವುದಿಲ್ಲ. ತಾವು ಸಚಿನ್ ತೆಂಡುಲ್ಕರ್ ಹೆಸರು ಎತ್ತಿದ್ದೀರಿ. ಜಾಹೀರಾತುಗಳಲ್ಲಿ ನಟಿಸಿ ವಿದೇಶದಿಂದ ಗಳಿಸಿದ ಹಣಕ್ಕೆ ನಟರಿಗೆ ಸಿಗುವ ರಿಯಾಯಿತಿ ತನಗೂ ಸಲ್ಲಬೇಕೆಂದು ಅವರು ಕೇಳಿದರು, ಇಲಾಖೆ ನಿರಾಕರಿಸಿತು, ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2011ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಆ ವಾದ ನಮಗೆ ಮೆಚ್ಚುಗೆಯಾಗಲಿ ಆಗದಿರಲಿ, ಆದಾಯವೆಲ್ಲ ಇಲಾಖೆಯ ಮುಂದೆಯೇ ಇತ್ತು. ಅವರಿಗೆ ವಿದೇಶದಿಂದ ಉಡುಗೊರೆಯಾಗಿ ಬಂದ ಫೆರಾರಿ ಕಾರಿನ ವಿಷಯವೂ ಅಷ್ಟೇ: 1 ಕೋಟಿ 13 ಲಕ್ಷ ರೂಪಾಯಿ ಸುಂಕವನ್ನು ಕೇಂದ್ರ ಸರಕಾರವೇ ಬಿಟ್ಟುಕೊಟ್ಟಿತ್ತು, ಜನ ಆಕ್ಷೇಪಿಸಿ ದಿಲ್ಲಿಯ ಹೈಕೋರ್ಟಿನವರೆಗೆ ಹೋದ ಮೇಲೆ ಫಿಯಟ್ ಕಂಪೆನಿ ಅದನ್ನು ಕಟ್ಟಿತು. ಆ ವಿನಾಯಿತಿ ಕೊಟ್ಟದ್ದು ಸರಿಯಲ್ಲವೆಂದು ನಾನೂ ಹೇಳುವವನೇ. ಆದರೆ ಅದು ಸರಕಾರದ ಔದಾರ್ಯದ ತಪ್ಪು. ಅಲ್ಲಿ ವಂಚನೆ ಎಂಬ ಶಬ್ದಕ್ಕೆ ಎಡೆಯಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ದಶಕಗಳ ಕಾಲ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ 276ಸಿ ಕಲಮಿನಲ್ಲಿ, ಬೇಕೆಂದೇ ತಪ್ಪಿಸಲು ಹೊರಟ ತೆರಿಗೆ 25 ಲಕ್ಷ ರೂಪಾಯಿಗೆ ಮೀರಿದ್ದರೆ ಆರು ತಿಂಗಳಿಂದ ಏಳು ವರ್ಷಗಳವರೆಗೆ ಕಠಿಣ ಸಜೆಯೆಂದು ಬರೆದಿತ್ತು. ಅದೇ ಕಾಯಿದೆಯ 279ನೇ ಕಲಮಿನಲ್ಲಿ, ಶುಲ್ಕ ಕಟ್ಟಿ ಇಲಾಖೆಯೊಡನೆ ರಾಜಿ ಮಾಡಿಕೊಂಡು ಮೊಕದ್ದಮೆಯಿಂದ ಹೊರಬರುವ ಬಾಗಿಲೂ ಇತ್ತು. ಸಣ್ಣ ಮೊತ್ತಕ್ಕೆ, ಮೊದಲ ತಪ್ಪಿಗೆ ಆ ಬಾಗಿಲು ಇರಬೇಕು. ದೊಡ್ಡ ಮೊತ್ತಕ್ಕೆ, ಸಂಚು ಮಾಡಿ ನಡೆಸಿದ ವಂಚನೆಗೆ ಅದು ಮುಚ್ಚಿರಬೇಕು ಎಂಬುದೇ ನನ್ನ ಒತ್ತಾಯ.

ಈಗ ಬಿಲ್ಲಿಲ್ಲದ ಅಡಿಕೆಯ ಮಾತು. ತಾವು ಆ ಉದಾಹರಣೆ ಬರೆದದ್ದನ್ನು ಓದಿದಾಗ ನನಗೆ ಕುಂಬಳೆಯಲ್ಲಿ ಅಡಿಕೆ ಅಂಗಡಿ ಇಟ್ಟಿದ್ದ ಸೋದರಮಾವನ ನೆನಪಾಯಿತು. ಜಿಎಸ್‌ಟಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಸಂಗತಿ. ಆಗ ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಯ ಚೀಲ ಎಣಿಸಿ ಬಿಲ್ಲಿಗೆ ತಾಳೆ ನೋಡುತ್ತಿದ್ದರು. ಮಂಗಳೂರಿಗೆ ಹೊರಟ ಲೋಡಿನಲ್ಲಿ ಬಿಲ್ಲಿನಲ್ಲಿದ್ದದ್ದಕ್ಕಿಂತ ಮೂರು ಚೀಲ ಚಾಲಿ ಅಡಿಕೆ ಹೆಚ್ಚಿತ್ತು. ಮಾವನಿಗೆ ಅದು ಗೊತ್ತಿತ್ತು, ಅವರೇ ಹೇರಿಸಿದ್ದು. ಶಾಲೆಗೆ ರಜೆಯಿದ್ದ ಕಾರಣ ಲಾರಿಯಲ್ಲಿ ಅವರ ಪಕ್ಕ ಕುಳಿತಿದ್ದ ನಾನು, ಟಾರ್ಚಿನ ಬೆಳಕಿನಲ್ಲಿ ಅಧಿಕಾರಿಯೊಬ್ಬರು ಕಾರ್ಬನ್ ಪ್ರತಿಯ ಮೇಲೆ ಪೆನ್ಸಿಲಿನಿಂದ ಗೀಟೆಳೆದದ್ದನ್ನು ನೋಡಿದ್ದೇನೆ. ಮಾವ ವಾದಿಸಲಿಲ್ಲ. “ತಪ್ಪು ನನ್ನದೇ, ಬರೆದುಕೊಳ್ಳಿ” ಎಂದರು. ದಂಡ ಕಟ್ಟಲು ಸೊಸೈಟಿಯಿಂದ ಸಾಲ ತೆಗೆದರು. ಅದಕ್ಕಿಂತಲೂ ಹೆಚ್ಚಾಗಿ ಅವರನ್ನು ಕುಗ್ಗಿಸಿದ್ದು, ಮರುವಾರ ಅಂಗಡಿಗೆ ಬಂದವರೆಲ್ಲ ಅದನ್ನೇ ವಿಚಾರಿಸಿದ್ದು. ಅವರಿಗೆ ದಂಡ ಹಾಕಿದ್ದು ನ್ಯಾಯವೇ. ಜೈಲಿಗೆ ಹಾಕಿದ್ದರೆ ಅನ್ಯಾಯವಾಗುತ್ತಿತ್ತು. ಮೂರು ಚೀಲಕ್ಕೆ ದಂಡ ಸಾಕೆಂದು ಹೇಳುವ ಅಳತೆಗೋಲನ್ನೇ 41 ಲಕ್ಷ ಯೂರೊವರೆಗೆ ಎಳೆದು ನೋಡಿದರೆ, ಅಲ್ಲಿಯೂ ದಂಡವೇ ಸಾಕೆಂದು ಹೇಳಲು ನನ್ನಿಂದಾಗುವುದಿಲ್ಲ. ಆ ಆಟಗಾರರಿಗೆ ಮಾನ ಕಳೆಯುವ ಭಯವೂ ಇರಲಿಲ್ಲ: 2016ರಲ್ಲಿ ತೀರ್ಪು ಬಂದ ಬೆನ್ನಿಗೇ ಬಾರ್ಸಿಲೋನಾ ಕ್ಲಬ್ಬು “ನಾವೆಲ್ಲರೂ ಲಿಯೊ ಮೆಸ್ಸಿ” ಎಂದು ಘೋಷಿಸಿ, ಎರಡೂ ಅಂಗೈ ತೆರೆದು ಹಿಡಿದ ಚಿತ್ರಗಳನ್ನು ಹಾಕುವಂತೆ ಅಭಿಮಾನಿಗಳಿಗೆ ಕರೆಕೊಟ್ಟಿತ್ತು.

ಒಂದು ಮಾತನ್ನು ನಮ್ಮ ಕಡೆಗೂ ಹೇಳಿಕೊಳ್ಳಬೇಕು. ತಾವೂ ನಾನೂ ಅಡಿಕೆ ತೋಟದವರು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಎಲೆಚುಕ್ಕಿ ರೋಗ, ಹಳದಿ ರೋಗ, ಧಾರಣೆಯ ಏರಿಳಿತಗಳನ್ನು ಕಂಡ ನನಗೆ ಆ ವಿನಾಯಿತಿ ನ್ಯಾಯವೆಂದೇ ತೋರುತ್ತದೆ. ಆದರೆ ಬೇರೆ ವ್ಯಾಪಾರದ ಹಣವನ್ನು ತೋಟದ ಆದಾಯವೆಂದು ತೋರಿಸಿ ಪಾರಾಗುವವರಿಗೆ ಹೆಸರು ಕೊಡುವ, ಆಧಾರ ಪತ್ರ ಮಾಡಿಕೊಡುವ ಪದ್ಧತಿಯ ಬಗ್ಗೆ ನಾವು ಬಾಯಿ ಮುಚ್ಚಿ ಕುಳಿತಿದ್ದೇವೆ. ಅದೂ ಬೆಲೀಜಿನ ಕಂಪೆನಿಯ ಜಾತಿಯದೇ. ಮುಂದಿನ ದಿನಗಳಲ್ಲಿ ಈ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಮೊಮ್ಮಗನ ಜೆರ್ಸಿ ತೆಗೆಸಬೇಕೇ ಎಂದೂ ಕೇಳಿದ್ದೀರಿ. ಬೇಡ, ಮಾಸ್ಟ್ರೇ. ಮೆಸ್ಸಿಯ ಅರ್ಜೆಂಟೀನಾ ವಿಶ್ವಕಪ್ ಗೆದ್ದ 2022ರ ಡಿಸೆಂಬರ್ 18ರ ರಾತ್ರಿ ಕಾಸರಗೋಡಿನ ಪೇಟೆಯಲ್ಲಿ ಪಟಾಕಿ ಸಿಡಿಸಿದ ಹುಡುಗರ ನಡುವೆ ನಾನೂ ನಿಂತಿದ್ದೆ, ಆ ಆಟದ ಮೇಲಿನ ನನ್ನ ಪ್ರೀತಿ ಈ ಪತ್ರ ಬರೆದು ಮುಗಿಸಿದ ಮೇಲೆಯೂ ಕಡಿಮೆಯಾಗಿಲ್ಲ. ತೆರಿಗೆಯ ಕಥೆಯನ್ನೂ ಅವನಿಗೆ ಹೇಳಿ. ಅಜ್ಜನ ಬಾಯಿಂದಲೇ ಕೇಳಲಿ.

ಕೊನೆಯದಾಗಿ ನಮ್ಮ ತಪ್ಪು. ಕಳೆದ ಸಂಚಿಕೆಯ ಆ ಲೇಖನದಲ್ಲಿ ಮೆಸ್ಸಿಯ ಬಾಳಿನ ಮುಖ್ಯ ಘಟನೆಗಳನ್ನು ಇಸವಿವಾರು ಕೊಟ್ಟಿದ್ದೆವು. 2016ರ ಎದುರಿಗೆ ಕೋಪಾ ಅಮೆರಿಕ ಫೈನಲಿನ ಸೋಲು ಮಾತ್ರ ಇತ್ತು, ನ್ಯಾಯಾಲಯದ ತೀರ್ಪು ಇರಲಿಲ್ಲ. ಲೇಖಕರು ಅದನ್ನು ಬರೆದಿದ್ದರು. ಸ್ಥಳ ಸಾಲದೆ ಕಡಿತ ಮಾಡುವಾಗ ಆ ಸಾಲನ್ನು ತೆಗೆದವನು ನಾನು. ತೆಗೆಯಬಾರದಿತ್ತು. ಈ ಸಂಚಿಕೆಯ ತಿದ್ದುಪಡಿಗಳ ಅಂಕಣದಲ್ಲಿ ಅದನ್ನು ಮೊತ್ತ ಮತ್ತು ತಾರೀಕಿನೊಡನೆ ಮೊದಲ ಸಾಲಾಗಿ ಹಾಕಿದ್ದೇವೆ.

ತಮ್ಮ ವಿಶ್ವಾಸಿ,
ಸಂಪಾದಕ